ನೇಮಕಾತಿಗೆ ಬೀಗ ಹಾಕೋ ಅಧಿಕಾರ ಶಾಸಕರಿಗಾ? ಬೀಗ ಆಗ್ಲೇ ಬಿದ್ದಿದೆ ಸ್ವಾಮಿ

ಮಾನ್ಯ ಸಂಪಾದಕರೇ,

ನಮ್ಮ ಬೆಳಗಿನ ವಾಕಿಂಗ್ ಗುಂಪಲ್ಲಿ ಹೋದ ವಾರ ಒಂದು ಜಗಳ ಶುರುವಾಗಿ ಇನ್ನೂ ಮುಗಿದಿಲ್ಲ, ಅದಕ್ಕೇ ಈ ಪತ್ರ. ಬ್ಯಾಂಕಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದ ನನ್ನ ಸ್ನೇಹಿತರೊಬ್ಬರು ಹೇಳ್ತಾರೆ, ರಾಜ್ಯದ ಬಜೆಟ್ಟು ಕೊರತೆಗೆ ಬಿದ್ದ ವರ್ಷ ಹೊಸ ಸರ್ಕಾರಿ ನೇಮಕಾತಿ ನಿಲ್ಲಿಸೋ ಅಧಿಕಾರ ಶಾಸಕರ ಕೈಗೆ ಕೊಡ್ಬೇಕಂತೆ, ಅದಕ್ಕೊಂದು ಕಾನೂನೇ ಮಾಡ್ಬೇಕಂತೆ, ಮನೇಲಿ ದುಡ್ಡಿಲ್ಲದಾಗ ಹೊಸ ಆಳು ಇಟ್ಕೋತೀವಾ ಅನ್ನೋದು ಅವರ ವಾದ. ಕೇಳೋಕೆ ಚೆನ್ನಾಗೇ ಇದೆ. ಆದ್ರೆ ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ಕೆಲಸ ಮಾಡಿದವನು, ಅದ್ರಲ್ಲೂ ಅರ್ಧ ಕಾಲ ಸಿಬ್ಬಂದಿ ಶಾಖೇಲಿ ಖಾಲಿ ಹುದ್ದೆ ಪಟ್ಟಿ ಮಾಡ್ತಾನೇ ಕೂದಲು ಬೆಳ್ಳಗೆ ಮಾಡ್ಕೊಂಡವನು, ನನಗೆ ಈ ಮಾತು ಕೇಳಿ ಮೊದ್ಲು ಬಂದಿದ್ದು ನಗು. ನೇಮಕಾತಿ ನಿಲ್ಲಿಸೋಕೆ ಹೊಸ ಅಧಿಕಾರ ಯಾಕ್ ಬೇಕು ಸ್ವಾಮಿ, ಅದು ನಿಂತೇ ಇದೆಯಲ್ಲ!

ರಾಜ್ಯ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ, ಅಂದ್ರೆ ಹೆಚ್ಚುಕಮ್ಮಿ ಮೂರು ಕುರ್ಚಿಗೆ ಒಂದು ಕುರ್ಚಿ ಖಾಲಿ. ಇದನ್ನ ಯಾವ ಶಾಸಕರು ಕೈ ಎತ್ತಿ ನಿಲ್ಲಿಸಿದ್ರು? ಯಾರೂ ಇಲ್ಲ. ಹೇಗೆ ನಿಲ್ಲುತ್ತೆ ಅಂತ ಹೊರಗಿನವರಿಗೆ ಗೊತ್ತಿರಲ್ಲ, ಹೇಳ್ತೀನಿ ಕೇಳಿ. ಇಲಾಖೆಯವರು ಇಷ್ಟು ಹುದ್ದೆ ತುಂಬ್ಬೇಕು ಅಂತ ಕಡತ ಮಾಡಿ ಆರ್ಥಿಕ ಇಲಾಖೆ ಸಹಮತಿಗೆ ಕಳಿಸ್ತಾರೆ. ಅಲ್ಲಿಂದ ಒಂದು ಪ್ರಶ್ನೆ ಬರುತ್ತೆ, ರೋಸ್ಟರ್ ಬಿಂದು, ಅಂದ್ರೆ ಯಾವ ಹುದ್ದೆ ಯಾವ ಮೀಸಲಾತಿಗೆ ಅನ್ನೋ ವಿವರ ಕೊಡಿ. ಕೊಟ್ಟರೆ ಇನ್ನೊಂದು ಪ್ರಶ್ನೆ, ವೃಂದ ಮತ್ತು ನೇಮಕಾತಿ ನಿಯಮ ತಿದ್ದುಪಡಿ ಆಗಿದೆಯಾ ತಿಳಿಸಿ. ಅದೂ ತಿಳಿಸಿದ್ರೆ ಮೂರನೇದು, ಆರ್ಥಿಕ ಇತಿಮಿತಿಯ ಹಿನ್ನೆಲೆಯಲ್ಲಿ ಸದ್ಯಕ್ಕೆ ಪ್ರಸ್ತಾವನೆ ಪರಿಗಣಿಸಲು ಸಾಧ್ಯವಿಲ್ಲ, ಮುಂದಿನ ಸಾಲಿನಲ್ಲಿ ಮಂಡಿಸಿ. ಮುಂದಿನ ಸಾಲಲ್ಲಿ ಮತ್ತೆ ಒಂದನೇ ಪ್ರಶ್ನೆಯಿಂದ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋ ಗಾದೆ ಹುಟ್ಟಿದ್ದು ಎಲ್ಲಿ ಗೊತ್ತಿಲ್ಲ, ಆದ್ರೆ ಬಾಳಿ ಬದುಕ್ತಿರೋದು ವಿಧಾನಸೌಧದಲ್ಲೇ. ಇದಕ್ಕೆ ಯಾವ ಮತದಾನವೂ ಇಲ್ಲ ಚರ್ಚೆಯೂ ಇಲ್ಲ, ಯಾರನ್ನ ಕೇಳಬೇಕು ಅಂತಲೂ ಗೊತ್ತಾಗಲ್ಲ, ಟಿಪ್ಪಣಿ ಹಾಳೆ ಮೇಲೆ ಎರಡು ಸಾಲು ಅಷ್ಟೇ.

ಕೆಲವು ಸಲ ಬಹಿರಂಗವಾಗೂ ನಿಲ್ಸಿದಾರೆ. 2020ರ ಜುಲೈನಲ್ಲಿ ಕೋವಿಡ್ ಹೊಡೆತ ಅಂತ ಆ ವರ್ಷಕ್ಕೆ ನೇರ ನೇಮಕಾತಿ, ಬ್ಯಾಕ್‌ಲಾಗ್ (ಹಿಂದೆ ತುಂಬದೆ ಉಳಿದ ಮೀಸಲು ಹುದ್ದೆಗಳು) ಎಲ್ಲ ತಡೆ ಹಿಡಿದ್ರು, ಕಲ್ಯಾಣ ಕರ್ನಾಟಕದ ಹುದ್ದೆಗಳನ್ನೂ ಬಿಡ್ಲಿಲ್ಲ, ಆ ಭಾಗಕ್ಕೆ ವಿಶೇಷ ಮೀಸಲಾತಿ ಕೊಡೋ ಸಂವಿಧಾನದ 371ಜೆ ವಿಧಿ ಅಂತ ಅಷ್ಟು ವರ್ಷ ಹೋರಾಡಿ ತಗೊಂಡಿದ್ದರ ಮೇಲೂ ಒಂದು ಸುತ್ತೋಲೆ ಸಾಕಾಯ್ತು ನೋಡಿ. ಆಮೇಲೆ 2024ರ ಅಕ್ಟೋಬರ್ ಕೊನೇಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗೋವರೆಗೂ ಹೊಸ ಅಧಿಸೂಚನೆ ಬೇಡ ಅಂತ ಸಂಪುಟ ನಿಲ್ಲಿಸ್ತು, ನಾಗಮೋಹನ್ ದಾಸ್ ಆಯೋಗದ ವರದಿ ಬಂದು 2025ರ ಆಗಸ್ಟ್‌ನಲ್ಲಿ ಹಂಚಿಕೆ ತೀರ್ಮಾನ ಆಗೋ ಹೊತ್ತಿಗೆ ಹತ್ತಿರ ಹತ್ತಿರ ಹತ್ತು ತಿಂಗಳು ಹೋಯ್ತು. ಅದು ದುಡ್ಡಿನ ಕಾರಣ ಅಲ್ಲ, ಕಾರಣ ನ್ಯಾಯವಾದದ್ದೇ, ನನಗೇನೂ ತಕರಾರಿಲ್ಲ, ಆದ್ರೆ ಕಾರಣ ಯಾವುದೇ ಇರ್ಲಿ ಕೆಲಸಕ್ಕೆ ಕಾಯೋನು ಮಾತ್ರ ಅದೇ ಹುಡುಗ. 2025ರಲ್ಲಿ ಧಾರವಾಡದಲ್ಲಿ ಆ ಹುಡುಗರು ಹುಡುಗೀರು ಬೀದಿಗೆ ಇಳಿದಿದ್ದು ಸುಮ್ನೆ ಅಲ್ಲ.

ಈಗ ನನ್ನ ಸ್ನೇಹಿತರ ಮೂಲ ಮಾತಿಗೆ ಬರ್ತೀನಿ. ಕೊರತೆ ಇರೋ ವರ್ಷ ಅಂದ್ರೆ ಯಾವ ಕೊರತೆ? ರಾಜಸ್ವ ಕೊರತೆನಾ ವಿತ್ತೀಯ ಕೊರತೆನಾ? ವಿತ್ತೀಯ ಕೊರತೆ ಅಂದ್ರೆ ಸಾಲ ಮಾಡಿ ತುಂಬೋ ಭಾಗ, ಅದು ಪ್ರತಿ ವರ್ಷ ಇದ್ದದ್ದೇ, 2002ರಲ್ಲಿ ದೇಶದಲ್ಲೇ ಮೊದಲನೇದಾಗಿ ನಮ್ಮ ರಾಜ್ಯ ಮಾಡಿದ ವಿತ್ತೀಯ ಹೊಣೆಗಾರಿಕೆ ಕಾಯ್ದೆನೇ ರಾಜ್ಯದ ಒಟ್ಟು ಉತ್ಪನ್ನದ ಶೇ 3ರವರೆಗೆ ಅದಕ್ಕೆ ಅವಕಾಶ ಕೊಟ್ಟಿದೆ. 2025-26ರ ಬಜೆಟ್ಟಲ್ಲಿ ಅದು 90,428 ಕೋಟಿ, ಶೇ 2.95, ಅಂದ್ರೆ ಗೆರೆ ಒಳಗೇ ಇದೆ ಆದ್ರೆ ಗೆರೆಗೆ ಮೂಗು ತಾಗಿಸ್ಕೊಂಡು ನಿಂತಿದೆ. ಇದನ್ನೇ ಅಳತೆಗೋಲು ಮಾಡಿದ್ರೆ ನೇಮಕಾತಿ ಯಾವ ವರ್ಷವೂ ಇಲ್ಲ, ಪರ್ಮನೆಂಟ್ ಬೀಗ. ಇಲ್ಲ ರಾಜಸ್ವ ಕೊರತೆ (ವರ್ಷದ ಆದಾಯಕ್ಕಿಂತ ದಿನನಿತ್ಯದ ಖರ್ಚು ಜಾಸ್ತಿ ಆಗೋದು) ಅಂದ್ರೆ, 2023-24ರ ಬಜೆಟ್ಟಲ್ಲಿ 12,522 ಕೋಟಿ, 2024-25ರಲ್ಲಿ 27,354 ಕೋಟಿ, 2025-26ರಲ್ಲಿ 19,262 ಕೋಟಿ, ಸತತ ಮೂರು ಬಜೆಟ್ಟಲ್ಲೂ ಕೊರತೆನೇ. ಇವೆಲ್ಲ ಅಂದಾಜು ಬೇರೆ. ನಿಜವಾದ ಲೆಕ್ಕ ಸಿಎಜಿ, ಅಂದ್ರೆ ಸರ್ಕಾರದ ಲೆಕ್ಕ ತಪಾಸಣೆ ಮಾಡೋರ ಕೈಯಿಂದ ಹೊರಗೆ ಬರೋ ಹೊತ್ತಿಗೆ ಆ ವರ್ಷ ಮುಗಿದು ಎಷ್ಟು ಕಾಲ ಆಗಿರುತ್ತೆ. ಹಂಗಾದ್ರೆ ಯಾವ ಅಂಕಿ ನೋಡಿ ಬೀಗ ಹಾಕ್ತೀರಿ, ಯಾವ ಅಂಕಿ ನೋಡಿ ತೆಗೀತೀರಿ?

ಇನ್ನೊಂದು ಕಡೆಯಿಂದ ನೋಡಿ. 2004-05ರಿಂದ ಕೋವಿಡ್ ಬರೋವರೆಗೂ ನಮ್ಮ ರಾಜ್ಯ ರಾಜಸ್ವದಲ್ಲಿ ಮಿಗತೆ ತೋರಿಸ್ತಿತ್ತು, ಆದಾಯಕ್ಕಿಂತ ಖರ್ಚು ಕಮ್ಮಿ. ಆ ಹದಿನೈದು ವರ್ಷನೂ ನಾನು ಸರ್ವೀಸಲ್ಲಿದ್ದೆ, ಮಿಗತೆ ಇತ್ತು ಅಂತ ನಮ್ಮ ಆಫೀಸಿನ ಖಾಲಿ ಕುರ್ಚಿ ತುಂಬ್ಲಿಲ್ಲ. ನಾನು ಸೂಪರಿಂಟೆಂಡೆಂಟ್ ಆಗಿದ್ದಾಗ ನನ್ನ ಕೆಳಗೆ ಮಂಜೂರಾಗಿದ್ದ ಒಂಬತ್ತು ಜನರಲ್ಲಿ ನಾಲ್ಕು ಜನ ಇದ್ರು, ಅದ್ರಲ್ಲಿ ಒಬ್ಬರು ಬೇರೆ ಆಫೀಸಿಗೆ ನಿಯೋಜನೆ, ಸಂಬಳ ಇಲ್ಲಿ ಕೆಲಸ ಅಲ್ಲಿ. ಮತ್ತೊಬ್ಬ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಮೂರು ಟೇಬಲ್ ನೋಡ್ತಿದ್ರು, ಪ್ರಭಾರ ಅಂತ. ಬೆಳಿಗ್ಗೆ ಒಂದು ತಾಲ್ಲೂಕು, ಮಧ್ಯಾಹ್ನ ಇನ್ನೊಂದು ತಾಲ್ಲೂಕು ಅನ್ನೋ ಪ್ರಭಾರದ ಅಧಿಕಾರಿಗಳನ್ನ ನೀವೂ ನೋಡಿರ್ತೀರಿ, ಸಾಹೇಬ್ರು ಇವತ್ತು ಆ ಕಡೆ ಹೋಗವ್ರೆ ಅಂತ ಅಟೆಂಡರ್ ಹೇಳಿದ್ರೆ ಹಳ್ಳಿಯಿಂದ ಬಸ್ ಹಿಡಿದು ಬಂದ ಮುದುಕಿ ಮತ್ತೆ ಬಸ್ ಸ್ಟ್ಯಾಂಡಿಗೆ. ಹಾಗಾಗಿ ಕೊರತೆ ಇದೆ ಅದಕ್ಕೇ ನೇಮಕಾತಿ ಇಲ್ಲ ಅನ್ನೋದು ಅರ್ಧ ಸತ್ಯ ಮಾತ್ರ, ಮಿಗತೆ ಇದ್ದಾಗಲೂ ಇರ್ಲಿಲ್ಲ.

ಸರಿ, ನಿಲ್ಲಿಸಿದ್ರೆ ದುಡ್ಡಾದ್ರೂ ಉಳಿಯುತ್ತಾ ಅಂತ ಕೇಳಿ. ಇಲ್ಲೇ ಇರೋದು ಮಜಾ. ಕೆಲಸ ಇದ್ದೇ ಇರುತ್ತಲ್ಲ, ಕಂಪ್ಯೂಟರ್ ಮುಂದೆ ಯಾರಾದ್ರೂ ಕೂರಬೇಕು, ಜೀಪ್ ಯಾರಾದ್ರೂ ಓಡಿಸ್ಬೇಕು, ಮಕ್ಕಳಿಗೆ ಯಾರಾದ್ರೂ ಪಾಠ ಮಾಡ್ಬೇಕು. ಆಗ ಬರೋದೇ ಹೊರಗುತ್ತಿಗೆ. ಟೆಂಡರ್ ಕರೆದು ಒಂದು ಏಜೆನ್ಸಿಗೆ ಕೊಡ್ತಾರೆ, ಏಜೆನ್ಸಿಯವನಿಗೆ ಸರ್ವೀಸ್ ಚಾರ್ಜು, ಬಿಲ್ ಮೇಲೆ ಜಿಎಸ್‌ಟಿ, ಇಷ್ಟೆಲ್ಲ ಆಗಿ ಆ ಹುಡುಗಿ ಕೈಗೆ ಸಿಗೋದು ಎಷ್ಟು, ಅದೂ ಮೂರು ತಿಂಗಳಿಗೊಂದು ಸಲ. ನಾನು ರಿಟೈರ್ ಆದ ಮೇಲೆ ನನ್ನ ಟೇಬಲ್ಲಿನ ಕೆಲಸಕ್ಕೆ ಬಂದಿರೋದು ಇಂಥದ್ದೇ ಒಂದು ಡೇಟಾ ಎಂಟ್ರಿ ಹುಡುಗಿ, ಬಿ.ಕಾಂ. ಫಸ್ಟ್ ಕ್ಲಾಸು, ಚುರುಕು. ಯಾವ ಕಡತಕ್ಕೂ ಸಹಿ ಹಾಕೋ ಹಾಗಿಲ್ಲ, ಯಾವುದಕ್ಕೂ ಜವಾಬ್ದಾರಿ ಹೊರೋ ಹಾಗಿಲ್ಲ, ಆದ್ರೆ ಕೆಲಸ ಎಲ್ಲ ಅವಳದೇ. ಪೆನ್ಷನ್ ಕೆಲಸಕ್ಕೆ ಅಂತ ನಾನು ಹೋದ್ರೆ ಸಾರ್ ಈ ರಿಜಿಸ್ಟರ್ ಹೇಗೆ ಬರಿಯೋದು ಅಂತ ನನ್ನನ್ನೇ ಕೂರಿಸ್ಕೊಂಡು ಕೇಳ್ತಾಳೆ. ಇವಳ ಸಂಬಳ ಬಜೆಟ್ಟಲ್ಲಿ ವೇತನದ ಶೀರ್ಷಿಕೆ ಕೆಳಗೆ ಬರಲ್ಲ, ಬೇರೆ ಲೆಕ್ಕಕ್ಕೆ ಹೋಗುತ್ತೆ, ಅಲ್ಲಿಗೆ ವೇತನ ವೆಚ್ಚ ಹಿಡಿತದಲ್ಲಿದೆ ಅಂತ ಭಾಷಣ ಮಾಡ್ಬಹುದು. ಒಂದು ಜೇಬಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿ ನಡುವೆ ಏಜೆನ್ಸಿಯವನಿಗೆ ಒಂದು ಮುಷ್ಟಿ.

ಸ್ಕೂಲುಗಳ ಕಥೆ ಗೊತ್ತೇ ಇದೆ, ಅತಿಥಿ ಶಿಕ್ಷಕರು. ತಿಂಗಳಿಗೆ ಹತ್ತು ಸಾವಿರದ ಆಸುಪಾಸಲ್ಲಿದ್ದ ಗೌರವಧನಕ್ಕೆ 2025-26ರ ಬಜೆಟ್ಟಲ್ಲಿ ಎರಡು ಸಾವಿರ ಸೇರಿಸಿದ್ರು. ಗೌರವಧನ ಅನ್ನೋ ಪದ ಕಂಡು ಹಿಡಿದವರಿಗೆ ಒಂದು ಶಾಲು ಹೊದಿಸ್ಬೇಕು. ಗಾರೆ ಕೆಲಸದವರು ಅದಕ್ಕಿಂತ ಜಾಸ್ತಿ ದುಡೀತಾರೆ, ಬೇಸಿಗೆ ರಜೇಲೂ.

ಹೀಗೆ ಮುಂಬಾಗಿಲು ಮುಚ್ಚಿ ಹಿಂಬಾಗಿಲು ತೆಗಿಯೋದು ನಮಗೆ ಹೊಸದೇನಲ್ಲ. ಉಮಾದೇವಿ ಕೇಸು ಅಂತ ನೌಕರರ ಬಾಯಲ್ಲಿ ಗಾದೆ ಥರ ಆಗಿರೋ ಸುಪ್ರೀಂ ಕೋರ್ಟ್ ತೀರ್ಪು ಇದೆಯಲ್ಲ, 2006ರ ಏಪ್ರಿಲ್ ತಿಂಗಳದ್ದು, ಇಡೀ ದೇಶದ ದಿನಗೂಲಿಯವರ ಹಣೆಬರಹ ಬರೆದಿದ್ದು, ಅದು ಹುಟ್ಟಿದ್ದೇ ನಮ್ಮ ರಾಜ್ಯದಲ್ಲಿ. 1984ರ ಜುಲೈ ಆದ್ಮೇಲೆ ದಿನಗೂಲಿ ಮೇಲೆ ತಗೊಂಡವರನ್ನ ಇಟ್ಕೋಬಾರದು ಅಂತ ಸರ್ಕಾರದ ಆದೇಶ ಇತ್ತು, ಇದ್ದಾಗ್ಲೇ 1985-86ರಲ್ಲಿ ವಾಣಿಜ್ಯ ತೆರಿಗೆ ಇಲಾಖೇಲಿ ಜನ ತಗೊಂಡ್ರು, ಅವರು ಹತ್ತು ವರ್ಷ ದುಡಿದು ಕಾಯಂ ಮಾಡಿ ಅಂತ ಕೋರ್ಟಿಗೆ ಹೋದ್ರು, ಇಪ್ಪತ್ತು ವರ್ಷ ಆದ್ಮೇಲೆ ಸಂವಿಧಾನ ಪೀಠ ಹೇಳ್ತು, ನಿಯಮದ ಪ್ರಕಾರ ನೇಮಕ ಆಗದವರಿಗೆ ಕಾಯಂ ಕೇಳೋ ಹಕ್ಕಿಲ್ಲ ಅಂತ. ಹತ್ತು ವರ್ಷ ದಾಟಿದ ಕೆಲವರಿಗೆ ಒಂದು ಸಲದ ರಿಯಾಯಿತಿ ಕೊಟ್ಟಿತು ಅಷ್ಟೆ. ಅಂದ್ರೆ ನಿಷೇಧ ಕಾಗದದ ಮೇಲೆ, ಆಳುಗಳು ಆಫೀಸಿನ ಒಳಗೆ, ಕೊನೆಗೆ ಬಿದ್ದಿದ್ದು ದುಡಿದವರ ತಲೆ ಮೇಲೆ. ಅದೂ ಯಾವ ಇಲಾಖೇಲಿ ನೋಡಿ, ಸರ್ಕಾರಕ್ಕೆ ತೆರಿಗೆ ತಂದು ಕೊಡೋ ಇಲಾಖೇಲಿ! ಕೊರತೆ ಅಂತ ತೆರಿಗೆ ಇಲಾಖೆಗೂ ಸಬ್ ರಿಜಿಸ್ಟ್ರಾರ್ ಆಫೀಸಿಗೂ ಜನ ಕೊಡದೆ ಇದ್ರೆ ಆದಾಯ ಎಲ್ಲಿಂದ ಬರುತ್ತೆ, ಕೊರತೆ ಹೇಗೆ ಕಮ್ಮಿ ಆಗುತ್ತೆ, ಹಾಲು ಕರೆಯೋನನ್ನೇ ಕೆಲಸದಿಂದ ತೆಗೆದು ಹಾಲು ಕಮ್ಮಿ ಆಯ್ತು ಅಂತ ಅತ್ತರೆ ಏನು ಪ್ರಯೋಜನ.

ಕೇಂದ್ರದಲ್ಲೂ 2001ರ ಮೇ ತಿಂಗಳಲ್ಲಿ ಇಂಥದ್ದೇ ಒಂದು ಆದೇಶ ಬಂತು, ನೇರ ನೇಮಕಾತಿಯ ಖಾಲಿ ಹುದ್ದೆಗಳಲ್ಲಿ ಮೂರರಲ್ಲಿ ಒಂದು ಮಾತ್ರ ತುಂಬಿ, ಅದೂ ಒಟ್ಟು ಸಿಬ್ಬಂದಿ ಬಲದ ಶೇ 1 ದಾಟಬಾರದು ಅಂತ. ಕೆಲವು ವರ್ಷಕ್ಕೆ ಅಂದಿದ್ದು 2009ರ ಮಾರ್ಚ್‌ವರೆಗೂ ಎಳೀತು. ದೂರದ ಅಮೆರಿಕದಲ್ಲೂ ಕಾರ್ಟರ್, ರೇಗನ್ ಕಾಲದಲ್ಲಿ ಸಾರಾಸಗಟಾಗಿ ನೇಮಕಾತಿ ನಿಲ್ಲಿಸಿ ನೋಡಿದ್ರು, 1982ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕ ತಪಾಸಣೆ ಸಂಸ್ಥೆಯವರು ಪರಿಶೀಲನೆ ಮಾಡಿ ನೌಕರರ ಸಂಖ್ಯೆ ಮೇಲೆ ಇದರ ಪರಿಣಾಮ ಅಷ್ಟಕ್ಕಷ್ಟೇ, ಕೆಲಸ ಮಾತ್ರ ಅಸ್ತವ್ಯಸ್ತ ಆಯ್ತು, ಕೆಲವು ಕಡೆ ಖರ್ಚೇ ಜಾಸ್ತಿ ಆಯ್ತು ಅಂತ ಬರೆದಿಟ್ರು. ನಮ್ಮ ಬ್ಯಾಂಕ್ ಮ್ಯಾನೇಜರ್ ಸಾಹೇಬ್ರಿಗೆ ಇದನ್ನ ಹೇಳಿದ್ರೆ ಅದು ಅಮೆರಿಕ ಕಣ್ರೀ ಇಲ್ಲಿ ಬೇರೆ ಅಂತಾರೆ. ಬೇರೆನೇ, ಇಲ್ಲಿ ಇನ್ನೂ ಕಷ್ಟ.

ಈಗ ಶಾಸಕರ ವಿಷಯ. ಅವರಿಗೆ ಅಧಿಕಾರ ಕೊಡ್ಬೇಕು ಅನ್ನೋರು ಒಂದು ಸಲ ಸಂವಿಧಾನದ 203ನೇ ವಿಧಿ ಓದ್ಬೇಕು. ಇಲಾಖೆಗಳ ಅನುದಾನದ ಬೇಡಿಕೆ ವಿಧಾನಸಭೆ ಮುಂದೆ ಬಂದಾಗ ಅದನ್ನ ಒಪ್ಪೋಕೆ, ತಿರಸ್ಕರಿಸೋಕೆ, ಕಮ್ಮಿ ಮಾಡೋಕೆ ಶಾಸಕರಿಗೆ ಈಗ್ಲೇ ಅಧಿಕಾರ ಇದೆ. ಒಂದು ಇಲಾಖೆಗೆ ಜನ ಜಾಸ್ತಿ ಆಗಿದಾರೆ, ಸಂಬಳದ ದುಡ್ಡು ಇಷ್ಟು ಕಡಿತ ಮಾಡಿ ಅಂತ ಕಡಿತ ಸೂಚನೆ ತರಬಹುದು. 309ನೇ ವಿಧಿ ಕೆಳಗೆ ನೇಮಕಾತಿ, ಸೇವಾ ಷರತ್ತಿನ ಬಗ್ಗೆ ಕಾನೂನು ಮಾಡೋ ಅಧಿಕಾರವೂ ಶಾಸನಸಭೆದ್ದೇ, 1978ರ ನಾಗರಿಕ ಸೇವಾ ಕಾಯ್ದೆ ಬಂದಿದ್ದು ಹಾಗೇ. ಇರೋ ಅಧಿಕಾರ ಎಷ್ಟು ಬಳಸಿದ್ರು? ಬಜೆಟ್ ಅಧಿವೇಶನದಲ್ಲಿ ಧರಣಿ, ಗದ್ದಲ, ಬಾವಿಗೆ ಇಳಿಯೋದು, ಕೊನೆ ದಿನ ಸಾವಿರಾರು ಕೋಟಿ ಬೇಡಿಕೆಗಳು ಚರ್ಚೆ ಇಲ್ಲದೆ ಹೌದು ಅನ್ನೋರ ಪರವಾಗಿ ಮುಗಿದು ಹೋಗುತ್ತೆ. 2025ರ ಮಾರ್ಚ್ 21 ನೆನಪಿದೆಯಾ? ಹನಿಟ್ರ್ಯಾಪ್ ವಿಷಯಕ್ಕೆ ಸದನ ಹೊತ್ತಿ ಉರೀತಿತ್ತು, ಬಿಜೆಪಿಯ 18 ಶಾಸಕರ ಅಮಾನತ್ತು ಆಯ್ತು, ಆ ಗಲಾಟೆ ನಡುವೆನೇ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ, ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷ ಮಾಡೋ ಮಸೂದೆ ಪಾಸ್ ಆಯ್ತು, ಚರ್ಚೆ ಅನ್ನೋದೇ ಇಲ್ಲ. ಅದೇ ತಿಂಗಳು 7ನೇ ತಾರೀಖು ಮಂಡಿಸಿದ ಬಜೆಟ್ಟಲ್ಲಿ ರಾಜಸ್ವ ಕೊರತೆ ಇತ್ತು ಅಂತ ಆಗ ಯಾರಿಗೂ ನೆನಪಾಗ್ಲಿಲ್ಲ. ನಾವೂ ಸಾಚಾ ಅಲ್ಲ ಬಿಡಿ, ಏಳನೇ ವೇತನ ಆಯೋಗದ ಹೆಚ್ಚಳ 2024ರ ಆಗಸ್ಟ್‌ನಿಂದ ಬಂತು, ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಅಂತ ಸರ್ಕಾರನೇ ಹೇಳ್ತು, ಅದರ ಲಾಭ ನನ್ನ ಪೆನ್ಷನ್ನಿಗೂ ಸಿಕ್ಕಿದೆ, ನಾನು ಬೇಡ ಅಂದಿಲ್ಲ. ಒಳಗಿರೋರಿಗೆ ಜಾಸ್ತಿ ಕೊಟ್ಟು ಬಾಗಿಲು ಹಾಕ್ಕೊಂಡು ಹೊರಗಿರೋರಿಗೆ ದುಡ್ಡಿಲ್ಲ ಅನ್ನೋದ್ರಲ್ಲಿ ನನ್ನದೂ ಒಂದು ಪಾಲಿದೆ, ಇದನ್ನ ಬರೀವಾಗ ಸ್ವಲ್ಪ ನಾಚಿಕೆ ಆಯ್ತು.

ಆದ್ರೆ ನನ್ನ ನಿಜವಾದ ಭಯ ಬೇರೆ ಇದೆ, ಅದು ಸಿಬ್ಬಂದಿ ಶಾಖೇಲಿ ಕೂತವರಿಗೆ ಮಾತ್ರ ಗೊತ್ತಾಗೋ ಭಯ. ನಿಲ್ಲಿಸೋ ಅಧಿಕಾರ ಯಾರಿಗೆ ಕೊಡ್ತೀರೋ ವಿನಾಯಿತಿ ಕೊಡೋ ಅಧಿಕಾರವೂ ಅವರಿಗೇ ಹೋಗುತ್ತೆ, ಅದು ನಿಲ್ಲಿಸೋದಕ್ಕಿಂತ ದೊಡ್ಡ ಅಧಿಕಾರ. ಎಲ್ಲ ನೇಮಕಾತಿ ನಿಂತಿದೆ ಅಂದ ತಕ್ಷಣ ಯಾವುದು ತುರ್ತು ಯಾವುದು ತುರ್ತಲ್ಲ ಅನ್ನೋ ಪ್ರಶ್ನೆ ಬರುತ್ತೆ, ಆಗ ಶುರುವಾಗುತ್ತೆ ನೋಡಿ ಮೆರವಣಿಗೆ. ವರ್ಗಾವಣೇಲಿ ಏನಾಗಿದೆ? ಏಪ್ರಿಲ್ ಮೇ ಬಂದ್ರೆ ವರ್ಗಾವಣೆ ಕಾಲ, ಅದು ಮುಗಿದ್ರೆ ನಿಷೇಧ, ನಿಷೇಧ ಇದ್ದಾಗ ಮುಖ್ಯಮಂತ್ರಿಗಳ ಅನುಮೋದನೆ ಬೇಕು, ಹಾಗಾಗಿ ಮಿನಿಟ್, ಅಂದ್ರೆ ಆ ಅನುಮೋದನೆಯ ಟಿಪ್ಪಣಿ ತರ್ತಾರೆ, ಮಿನಿಟ್ ಬೇಕಂದ್ರೆ ಶಾಸಕರ ಲೆಟರ್ ಹೆಡ್ಡು ಬೇಕು. ನಿಷೇಧ ಇಲ್ಲದಾಗಿಂತ ನಿಷೇಧ ಇದ್ದಾಗ್ಲೇ ಲೆಟರ್ ಹೆಡ್ಡಿಗೆ ಬೆಲೆ ಜಾಸ್ತಿ, ಇದನ್ನ ನಾನು ಕಣ್ಣಾರೆ ನೋಡಿದೀನಿ, ಒಂದೇ ಜಾಗಕ್ಕೆ ಒಬ್ಬರೇ ಶಾಸಕರು ಇಬ್ಬರಿಗೆ ಕೊಟ್ಟ ಪತ್ರ ನನ್ನ ಟೇಬಲ್ ಮೇಲೆ ಒಂದೇ ದಿನ ಬಂದಿತ್ತು. ನೇಮಕಾತಿಗೂ ಇದೇ ರೋಗ ಹತ್ತಿಸಬೇಕಾ? ನಮ್ಮ ಕ್ಷೇತ್ರದ ಆಸ್ಪತ್ರೆಗೆ ವಿನಾಯಿತಿ, ನಿಮ್ಮ ಕ್ಷೇತ್ರದ ಕಾಲೇಜಿಗೆ ಇಲ್ಲ, ಆಡಳಿತ ಪಕ್ಷದವರ ಜಿಲ್ಲೆಗೆ ನರ್ಸ್ ಹುದ್ದೆ ಬಿಡುಗಡೆ, ವಿರೋಧ ಪಕ್ಷದವರ ಜಿಲ್ಲೆಗೆ ಮುಂದಿನ ಸಾಲಿನಲ್ಲಿ ಮಂಡಿಸಿ.

ಆದ್ರೂ ನನ್ನ ಸ್ನೇಹಿತರ ಮಾತನ್ನ ಪೂರ್ತಿ ತಳ್ಳಿ ಹಾಕೋಕೂ ಮನಸ್ಸಿಲ್ಲ, ಯಾಕಂದ್ರೆ ಈಗ ಇರೋ ಪದ್ಧತಿ ಇನ್ನೂ ಕೆಟ್ಟದು. ಸದನದಲ್ಲಿ ನಿಲ್ಲಿಸಿದ್ರೆ ಕನಿಷ್ಠ ಯಾರು ಹೌದು ಅಂದ್ರು ಯಾರು ಇಲ್ಲ ಅಂದ್ರು ಗೊತ್ತಾಗುತ್ತೆ, ಚುನಾವಣೆಗೆ ಬಂದಾಗ ಕೇಳಬಹುದು. ಟಿಪ್ಪಣಿ ಹಾಳೇನ ಯಾರು ಕೇಳ್ತಾರೆ? ಹಾಗಾಗಿ ಕಾನೂನು ಮಾಡೋದೇ ಆದ್ರೆ ಹೀಗೆ ಮಾಡ್ಲಿ ಅಂತ ನನ್ನ ಅನಿಸಿಕೆ: ತಡೆ ಹಾಕ್ಬೇಕು ಅಂದ್ರೆ ಸದನದಲ್ಲಿ ಇಲಾಖೆವಾರು ನಿರ್ಣಯ ಬರ್ಲಿ, ಹೆಸರು ಕರೆದು ಮತ ಹಾಕಿಸ್ಲಿ, ಧ್ವನಿಮತ ಬೇಡ. ಆರು ತಿಂಗಳಾದ್ರೆ ತಾನಾಗೇ ಬಿದ್ದು ಹೋಗ್ಲಿ, ಮುಂದುವರಿಸ್ಬೇಕಾದ್ರೆ ಮತ್ತೆ ಬಂದು ಮತ ಹಾಕ್ಲಿ. ತಡೆ ಇರೋ ಹುದ್ದೆಗೆ ಹೊರಗುತ್ತಿಗೆ ಆಳನ್ನೂ ತಗೋಬಾರದು, ಆ ಕೆಲಸ ಬೇಕೇ ಬೇಕು ಅನ್ಸಿದ್ರೆ ಹುದ್ದೆನೇ ತುಂಬ್ಲಿ, ಬೇಡ ಅಂದ್ರೆ ರದ್ದು ಮಾಡ್ಲಿ, ಈ ನಡುಮಧ್ಯದ ಆಟ ನಿಲ್ಲಿಸ್ಲಿ. ಆಸ್ಪತ್ರೆ, ಶಾಲೆ, ಪೊಲೀಸು, ತೆರಿಗೆ ಇವುಗಳ ಪಟ್ಟಿ ಕಾನೂನಲ್ಲೇ ಬರೆದು ಹೊರಗಿಡ್ಲಿ, ವಿನಾಯಿತಿ ಕೊಡೋ ಅಧಿಕಾರ ಮಂತ್ರಿಗೂ ಬೇಡ ಶಾಸಕರಿಗೂ ಬೇಡ. ಮುಖ್ಯವಾಗಿ, ಎಷ್ಟು ತಿಂಗಳು ತಡೆ ಇತ್ತೋ ಅಷ್ಟು ತಿಂಗಳು ಅಭ್ಯರ್ಥಿಗಳ ವಯಸ್ಸಿನ ಮಿತಿಗೆ ತಾನಾಗೇ ಸೇರ್ಲಿ, ಪ್ರತಿ ಸಲ ಬೀದಿಗೆ ಇಳಿದು ಸಡಿಲಿಕೆ ಕೊಡಿ ಸ್ವಾಮಿ ಅಂತ ಬೇಡೋ ಹಾಗೆ ಮಾಡ್ಬೇಡಿ. ಇಷ್ಟೆಲ್ಲ ಷರತ್ತು ಹಾಕಿದ್ರೆ ಯಾವ ಶಾಸಕರೂ ಈ ಅಧಿಕಾರ ಬೇಕು ಅನ್ನಲ್ಲ ಅಂತ ನಮ್ಮ ಗುಂಪಲ್ಲಿ ಒಬ್ಬರು ನಕ್ಕರು. ಇರಬಹುದು.

ವಯಸ್ಸಿನ ಮಾತು ಯಾಕೆ ಒತ್ತಿ ಹೇಳ್ದೆ ಅಂದ್ರೆ ನಮ್ಮಣ್ಣನ ಮಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡ್ಕೊಂಡು ಆರು ವರ್ಷದಿಂದ ಓದ್ತಿದಾನೆ. ಸಾಮಾನ್ಯ ವರ್ಗ, ಆಗಾಗ ಕೊಡೋ ಸಡಿಲಿಕೆ ಬಿಟ್ರೆ ಮಿತಿ 35, ಅವನಿಗೆ ಈಗ 34 ನಡೀತಿದೆ. ಆರು ವರ್ಷದಲ್ಲಿ ಕೋವಿಡ್ ತಡೆ ನೋಡ್ದ, ಪಿಎಸ್‌ಐ ಪರೀಕ್ಷೆ ಬರೆದ ಅದು ಅಕ್ರಮ ಅಂತ 2022ರಲ್ಲಿ ರದ್ದಾಯ್ತು, ಕೆಎಎಸ್ ಪ್ರಿಲಿಮ್ಸ್ ಬರೆದ ಅನುವಾದ ತಪ್ಪು ಅಂತ 2024ರಲ್ಲಿ ಎರಡೆರಡು ಸಲ ಬರೆಸಿದ್ರು, ಆಮೇಲೆ ಒಳಮೀಸಲಾತಿಗೆ ಅಂತ ಕಾದ. ಮದುವೆ ಮಾತು ಎತ್ತಿದ್ರೆ ಕಾಲ್ ಫಾರ್ ಆಗ್ಲಿ ಚಿಕ್ಕಪ್ಪ ಅಂತಾನೆ. ಕಾಲ್ ಫಾರ್ ಅಂದ್ರೆ ಆ ಹುಡುಗರ ಭಾಷೇಲಿ ಅಧಿಸೂಚನೆ ಬರೋದು, ಮಳೆಗಾಲ ಬರುತ್ತಲ್ಲ ಹಾಗೆ ಮಾತಾಡ್ತಾರೆ, ಈ ಸಲ ಬರುತ್ತಂತೆ, ಮೋಡ ಆಗಿದೆಯಂತೆ. ತಿಂಗಳಿಗೆ ರೂಮು, ಮೆಸ್ಸು, ಲೈಬ್ರರಿ ಸೇರಿ ಅಣ್ಣ ಕಳಿಸೋ ದುಡ್ಡು ಯಾವ ಬಜೆಟ್ಟಿನ ಯಾವ ಕೊರತೇಲೂ ಬರಲ್ಲ, ಆದ್ರೆ ಅಡಿಕೆ ಮಾರಿದ ದುಡ್ಡದು.

ಸಂಪಾದಕರಲ್ಲಿ ಕೊನೆಗೆ ಒಂದು ವಿನಂತಿ. ಬಜೆಟ್ ದಿನ ನೀವು ಯಾವುದು ಏರಿತು ಯಾವುದು ಇಳೀತು ಅಂತ ಚಿತ್ರ ಸಮೇತ ಪುಟಗಟ್ಟಲೆ ಹಾಕ್ತೀರಿ, ಚೆನ್ನಾಗಿರುತ್ತೆ. ಮುಂದಿನ ಸಲ ಒಂದು ಮೂಲೇಲಿ ಇಲಾಖೆವಾರು ನಾಲ್ಕು ಕಾಲಂ ಹಾಕಿ, ಮಂಜೂರಾದ ಹುದ್ದೆ ಎಷ್ಟು, ತುಂಬಿರೋದು ಎಷ್ಟು, ಹೊರಗುತ್ತಿಗೆ ಎಷ್ಟು, ಆ ಇಲಾಖೆ ಬೇಡಿಕೆ ಮೇಲೆ ನಮ್ಮ ವಿಧಾನಸಭೆ ಎಷ್ಟು ನಿಮಿಷ ಚರ್ಚೆ ಮಾಡ್ತು. ನಾಲ್ಕನೇ ಕಾಲಮ್ಮಿಗೆ ಜಾಗ ಜಾಸ್ತಿ ಬೇಕಾಗಲ್ಲ.

ಇಂತಿ ನಿಮ್ಮ ಹಳೇ ಓದುಗ,
ಒಬ್ಬ ನಿವೃತ್ತ ಸೂಪರಿಂಟೆಂಡೆಂಟ್, ದಾವಣಗೆರೆ